ಮುದನೂರಿನ ಮಗ್ಗದ ಶರಣ ಶ್ರೀ ಜೇಡರ ದಾಸಿಮಯ್ಯ

ಕೃಷ್ಣೆ ಭೀಮೆಗಳ ನಡುವೆ ಹಬ್ಬಿರುವ ಕರಿನೆಲದ ಸೀಮೆಯಲ್ಲಿ, ಸುರಪುರದ ಕಡೆಗೆ, ಮುದನೂರೆಂಬ ಪುರಾತನ ಗ್ರಾಮವೊಂದುಂಟು. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಈ ಗ್ರಾಮವು ದೇವಾಲಯಗಳಿಗೂ ತೀರ್ಥಗಳಿಗೂ ಹೆಸರಾದುದು. ಅಲ್ಲಿಯ ರಾಮನಾಥಲಿಂಗವನ್ನು ಶ್ರೀರಾಮಚಂದ್ರನು ಪೂಜಿಸಿದನೆಂಬುದು ಪ್ರತೀತಿ. ಬಸವಾದಿ ಪ್ರಮಥರು ಕಲ್ಯಾಣದಲ್ಲಿ ನೆರೆಯುವುದಕ್ಕೆ ಒಂದು ಶತಮಾನಕ್ಕೂ ಮುಂಚೆ, ಈ ರಾಮನಾಥನ ಹೆಸರನ್ನೇ ಅಂಕಿತವಾಗಿಟ್ಟುಕೊಂಡು ಕನ್ನಡದಲ್ಲಿ ವಚನಗಳನ್ನು ನುಡಿದ ಮಹಾನುಭಾವನೇ ಜೇಡರ ದಾಸಿಮಯ್ಯನು. ವಚನವಾಙ್ಮಯದ ಮೊದಲ ದನಿಗಳಲ್ಲಿ ಈತನದೂ ಒಂದು. ಆ ದನಿಯು ಹುಟ್ಟಿದುದು ಅರಮನೆಯಲ್ಲಲ್ಲ, ಅಗ್ರಹಾರದಲ್ಲಲ್ಲ, ಮಗ್ಗದ ಕುಣಿಯಲ್ಲಿ.

ಜೇಡನೆಂದರೆ ನೇಕಾರನು. ಮನೆಯ ಮೂಲೆಯಲ್ಲಿ ತನ್ನ ಒಡಲಿನಿಂದಲೇ ನೂಲು ತೆಗೆದು ಬಲೆ ಹೆಣೆಯುವ ಹುಳುವಿಗೂ ನಮ್ಮ ಭಾಷೆಯಲ್ಲಿ ಇದೇ ಹೆಸರು ಸಂದಿರುವುದು ಸೊಗಸಾಗಿದೆ. ದೇವರ ದಾಸಿಮಯ್ಯನೆಂದೂ ಶರಣನನ್ನು ಕರೆಯುವುದುಂಟು. ಈ ಎರಡು ಹೆಸರುಗಳವರು ಒಬ್ಬರೋ ಇಬ್ಬರೋ ಎಂದು ವಿದ್ವಾಂಸರಲ್ಲಿ ಬಹುಕಾಲ ಚರ್ಚೆ ನಡೆದಿದೆ. ಮಠಗಳ ಪರಂಪರೆಯೂ ನೇಕಾರ ಸಮಾಜಗಳ ನಂಬಿಕೆಯೂ ಇಬ್ಬರನ್ನೂ ಒಬ್ಬನೆಂದೇ ಕಾಣುತ್ತವೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನು ಸುಮಾರು ೧೦೧೫ರಿಂದ ೧೦೪೨ರವರೆಗೆ ಆಳಿದನು. ಆತನ ರಾಣಿ ಸುಗ್ಗಲದೇವಿಗೆ ದಾಸಿಮಯ್ಯನು ಗುರುವಾದನೆಂಬ ಕಥೆಯಿಂದ ಶರಣನ ಕಾಲವನ್ನು ಹನ್ನೊಂದನೆಯ ಶತಮಾನದ ಪೂರ್ವಾರ್ಧವೆಂದು ಹಿಡಿಯುವುದು ವಾಡಿಕೆಯಾಗಿದೆ.

ದಾಸಿಮಯ್ಯನ ಯೌವನವು ತಪಸ್ಸಿನಿಂದ ಮೊದಲಾಯಿತೆಂದು ಕಥೆಗಳು ಹೇಳುತ್ತವೆ. ಘೋರಾರಣ್ಯವನ್ನು ಹೊಕ್ಕು, ಅನ್ನನೀರುಗಳನ್ನು ತೊರೆದು, ದೇಹವನ್ನು ದಂಡಿಸುತ್ತಿದ್ದ ಈ ತರುಣನ ಮುಂದೆ ಪರಶಿವನು ಪ್ರತ್ಯಕ್ಷನಾದನಂತೆ. ಇಂಥ ಕಥೆಗಳಲ್ಲಿ ದೇವರು ಪ್ರಸನ್ನನಾಗಿ ವರವನ್ನು ಕೊಡುವುದು ರೂಢಿ. ಇಲ್ಲಿಯಾದರೋ ತಪಸ್ಸನ್ನು ಬಿಟ್ಟು ಊರಿಗೆ ಹಿಂದಿರುಗಿ, ದುಡಿದು, ಲಿಂಗಾರ್ಚನೆ ಜಂಗಮಾರ್ಚನೆಗಳನ್ನು ಮಾಡಿಕೊಂಡು ಜನರ ನಡುವೆ ಬಾಳಬೇಕೆಂದು ಅಪ್ಪಣೆಯಾಯಿತು. ಕಾಡಿಗೆ ಹೋದವನನ್ನು ದೇವರೇ ಮಗ್ಗಕ್ಕೆ ಹಿಂದಿರುಗಿಸಿದ ಈ ಪ್ರಸಂಗವು ದಾಸಿಮಯ್ಯನ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದುದು. ಕಾಯಕವೆಂಬ ಮಾತನ್ನು ಕಲ್ಯಾಣದ ಶರಣರು ಮುಂದೆ ಎಷ್ಟು ಎತ್ತರಕ್ಕೆ ಏರಿಸಿದರೋ, ಅದರ ಬೇರು ಈ ಅಪ್ಪಣೆಯಲ್ಲಿ ಕಾಣುತ್ತದೆ. ಹಿಂದಿರುಗುವ ದಾರಿಯಲ್ಲಿ ಕಾಡಿನ ಬೇಡರಿಗೆ ಪ್ರಾಣಿಹಿಂಸೆಯನ್ನು ಬಿಡಿಸಿ ಶಿವಭಕ್ತಿಯನ್ನು ಬೋಧಿಸಿದನೆಂದೂ ಹೇಳುವರು.

ಊರಿಗೆ ಬಂದ ಮೇಲೆ ವಿವಾಹದ ವಿಚಾರವು ಬಂದಿತು. ಮರಳು ಬೆರೆತ ಅಕ್ಕಿಯನ್ನೂ ಕೆಲವು ಕಬ್ಬಿನ ಜಲ್ಲೆಗಳನ್ನೂ ಹೊತ್ತುಕೊಂಡು, ನೀರನ್ನಾಗಲಿ ಸೌದೆಯನ್ನಾಗಲಿ ಮುಟ್ಟದೆ ಇಷ್ಟರಲ್ಲಿಯೇ ಪಾಯಸವನ್ನು ಮಾಡಬಲ್ಲ ಕನ್ಯೆಯನ್ನು ವರಿಸುವೆನೆಂದು ದಾಸಿಮಯ್ಯನು ಊರೂರು ತಿರುಗಿದನಂತೆ. ಹಲವರು ನಕ್ಕರು. ದುಗ್ಗಳೆಯೆಂಬ ಕನ್ಯೆಯೊಬ್ಬಳು ನಗಲಿಲ್ಲ. ಮರಳನ್ನು ಜಾಣ್ಮೆಯಿಂದ ಬೇರ್ಪಡಿಸಿ ಅಕ್ಕಿಯನ್ನು ಹಸನುಮಾಡಿದಳು. ಜಲ್ಲೆಯನ್ನು ಹಿಂಡಿ ರಸವನ್ನು ತೆಗೆದಳು. ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ ಉರಿಯನ್ನು ಮಾಡಿದಳು. ರಸದಲ್ಲಿ ಅಕ್ಕಿ ಬೆಂದು ಪಾಯಸವಾಯಿತು. ಇದ್ದುದರಲ್ಲಿ ಏನನ್ನೂ ಬಿಸುಡದೆ, ಇಲ್ಲದುದನ್ನು ಬೇಡದೆ ಸಂಸಾರವನ್ನು ನಡೆಯಿಸಬಲ್ಲವಳು ಈಕೆಯೆಂದು ದಾಸಿಮಯ್ಯನು ಕೈಹಿಡಿದನು. ದುಗ್ಗಳೆಯೂ ವಚನಗಳನ್ನು ನುಡಿದವಳು. ಪತಿಯ ಹೆಸರನ್ನೂ ಪತಿಯ ದೈವವನ್ನೂ ಕೂಡಿಸಿ ದಾಸಯ್ಯಪ್ರಿಯ ರಾಮನಾಥನೆಂದು ಅಂಕಿತವನ್ನಿಟ್ಟ ಆಕೆಯ ಎರಡು ವಚನಗಳು ಉಳಿದು ಬಂದಿವೆ.

ನೇಕಾರನ ಮನೆಯಲ್ಲಿ ಗೃಹಿಣಿಯ ಕೈಕೆಲಸವು ಗಂಡನ ಕೆಲಸಕ್ಕಿಂತ ಕಡಮೆಯಾದುದಲ್ಲ. ಮಗ್ಗಕ್ಕೆ ನೂಲೇ ಇಲ್ಲದೆ ಹೋದರೆ ನೇಯುವವನು ಕೈಕಟ್ಟಿ ಕುಳಿತಿರಬೇಕಾಗುವುದು. ಹಿಂದಿನ ಕಾಲದಲ್ಲಿ ಹತ್ತಿಯು ನೂಲಾಗುತ್ತಿದ್ದ ಬಗೆಯನ್ನು ತಿಳಿದಲ್ಲದೆ ಈ ದಂಪತಿಗಳ ಬಾಳಿನ ಹದವು ತಿಳಿಯಲಾರದು. ಹೊಲದಿಂದ ಬಂದ ಹತ್ತಿಯಲ್ಲಿ ಅರಳೆಯು ಬೀಜವನ್ನು ಬಲವಾಗಿ ಕಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸುವುದಕ್ಕೆ ಉತ್ತರ ಕರ್ಣಾಟಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಬಳಕೆಯಲ್ಲಿದ್ದ ಉಪಕರಣವು ಬಹು ಸರಳವಾದುದು: ಒಂದು ಚಪ್ಪಟೆಯಾದ ಕಲ್ಲು, ಒಂದು ಕಬ್ಬಿಣದ ಸಲಾಕೆ. ಸ್ತ್ರೀಯು ಗಿಡ್ಡ ಮಣೆಯ ಮೇಲೆ ಕುಳಿತು ಪಾದಗಳಿಂದ ಸಲಾಕೆಯನ್ನು ಕಲ್ಲಿನ ಮೇಲೆ ಉರುಳಿಸುತ್ತ ಕೈಯಿಂದ ಹತ್ತಿಯನ್ನು ಒಡ್ಡಿದರೆ, ಅರಳೆಯು ಸಲಾಕೆಯ ಅಡಿಯಲ್ಲಿ ನುಸುಳಿ ಒಂದು ಕಡೆಗೂ ಬೀಜವು ಇನ್ನೊಂದು ಕಡೆಗೂ ಬೀಳುವುವು. ಬಳಿಕ ಬಿಲ್ಲಿನ ಸರದಿ. ನರದ ಹೆದೆಯನ್ನು ಅರಳೆಯ ಗುಡ್ಡೆಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದಾಗ ಆ ನಡುಕಕ್ಕೆ ಗಂಟುಗಳೆಲ್ಲ ಬಿಚ್ಚಿ, ಮಣ್ಣು ಕಸಗಳು ಕೆಳಗುದುರಿ, ಅರಳೆಯು ಮೋಡದಂತೆ ಹಗುರಾಗುವುದು. ಅದನ್ನು ನಯವಾದ ಕಡ್ಡಿಗೆ ಸುತ್ತಿ ಎಳೆದುಕೊಂಡರೆ ಗೇಣುದ್ದದ ಹಂಜಿಗಳು ಸಿದ್ಧವಾದುವು.

ಹಂಜಿಯನ್ನು ನೂಲಾಗಿಸುವ ಮೂಲಸಾಧನವು ಕದಿರು. ಬುಡದಲ್ಲಿ ಭಾರಕ್ಕಾಗಿ ಬಿಲ್ಲೆಯೊಂದನ್ನು ಸಿಕ್ಕಿಸಿದ ಸಣ್ಣ ಕಡ್ಡಿಯನ್ನು ಬೆರಳುಗಳಿಂದ ತಿರುವಿ ಬಿಟ್ಟರೂ ನೂಲು ಬರುತ್ತದೆ, ತಕಲಿಯೆಂಬುದು ಇದೇ. ಆದರೆ ಕೈ ತಿರುವಿದಷ್ಟೇ ಅದರ ವೇಗ. ಆ ಕಡ್ಡಿಯನ್ನೇ ಅಡ್ಡಲಾಗಿ ಮಲಗಿಸಿ, ಒಂದು ಹುರಿಯನ್ನು ಹಾಯಿಸಿ, ದೊಡ್ಡ ಚಕ್ರವೊಂದಕ್ಕೆ ಕೂಡಿಸಿದಾಗ ರಾಟೆಯಾಯಿತು. ಚಕ್ರದ ಅಡ್ಡಳತೆಯು ೨೪ ಅಂಗುಲ, ಹುರಿಯು ಹಾಯುವ ಕಡೆಯಲ್ಲಿ ಕದಿರಿನ ದಪ್ಪವು ಒಂದಂಗುಲ ಎಂದಿಟ್ಟುಕೊಂಡರೆ, ಚಕ್ರವು ಒಂದು ಸುತ್ತು ಬರುವಷ್ಟರಲ್ಲಿ ಕದಿರು ೨೪ ಸುತ್ತು ತಿರುಗುವುದು. ರಾಟೆಯ ಗುಟ್ಟೆಲ್ಲ ಇಷ್ಟೇ. ನಮ್ಮ ದೇಶದ ಹಳೆಯ ರಾಟೆಗಳಲ್ಲಿ ಅನೇಕಕ್ಕೆ ಗಾಡಿಯ ಗಾಲಿಯಂಥ ಪಟ್ಟಿಯೂ ಇರುವುದಿಲ್ಲ. ಎರಡು ಸಾಲಾಗಿ ನಿಲ್ಲಿಸಿದ ಎಲೆಗಳ ತುದಿಗಳನ್ನು ಹುರಿಯಿಂದ ಅತ್ತಿತ್ತ ಹೆಣೆದು, ಆ ಹೆಣಿಗೆಯ ಮೇಲೆಯೇ ಕದಿರನ್ನು ತಿರುಗಿಸುವ ಹುರಿಯನ್ನು ಓಡಿಸುವರು. ಮರವು ಅಗ್ಗ, ಭಾರವು ಕಡಮೆ, ಮುರಿದರೆ ಊರಿನ ಬಡಗಿಯೇ ಸರಿಪಡಿಸಬಲ್ಲನು.

ನೂಲುವವಳ ಬಲಗೈ ಚಕ್ರವನ್ನು ತಿರುವುತ್ತಿರುವಾಗ ಎಡಗೈ ಹಂಜಿಯನ್ನು ಹಿಡಿದು ಕದಿರಿನ ಮೊನೆಯಿಂದ ಮೆಲ್ಲನೆ ಹಿಂದಕ್ಕೆ ಸರಿಯುತ್ತದೆ. ಎಳೆಯು ಮೊನೆಗೆ ಓರೆಯಾಗಿರುವುದರಿಂದ ಕದಿರು ತಿರುಗಿದಂತೆಲ್ಲ ಅದು ಸುತ್ತಿಕೊಳ್ಳದೆ ಮೊನೆಯಿಂದ ಜಾರುವುದು; ಜಾರಿದಾಗಲೆಲ್ಲ ಎಳೆಗೆ ಒಂದು ಹುರಿ ಬೀಳುವುದು. ತೋಳಿನಳತೆಯಷ್ಟು ನೂಲು ಬಂದ ಮೇಲೆ ಚಕ್ರವನ್ನು ತುಸು ಹಿಂದಕ್ಕೆ ತಿರುವಿ ಮೊನೆಯಲ್ಲಿಯ ಸುತ್ತುಗಳನ್ನು ಬಿಡಿಸಿ, ಎಳೆಯನ್ನು ಕದಿರಿಗೆ ನೇರ ಅಡ್ಡಲಾಗಿ ಹಿಡಿದರೆ ಅದೇ ಕದಿರು ಅದನ್ನು ತನ್ನ ಮೈಗೆ ಸುತ್ತಿಕೊಂಡು ಕುಕ್ಕಡಿಯಾಗಿಸುತ್ತದೆ. ಕೈಯ ಕೋನವೊಂದು ಬದಲಾದರೆ ನೂಲುವ ಉಪಕರಣವೇ ಸುತ್ತುವ ಉಪಕರಣವಾಗುವುದು. ಹುರಿಯು ಕಡಮೆಯಾದರೆ ನೂಲು ಹಿಸಿದು ಹೋಗುವುದು, ಹೆಚ್ಚಾದರೆ ಮುರುಟಿ ಗಂಟಾಗುವುದು. ಇದರ ಹದವನ್ನು ಬಲ್ಲುದು ನೂಲುವವಳ ಹೆಬ್ಬೆರಳು ತೋರುಬೆರಳುಗಳು ಮಾತ್ರ.

ದುಗ್ಗಳೆಯ ಕಾಲದ ಮನೆಗಳಲ್ಲಿ ಕೈಗದಿರು ಮಾತ್ರ ಇದ್ದಿತೋ ರಾಟೆಯೂ ಇದ್ದಿತೋ ಎಂಬುದು ಚರಿತ್ರಕಾರರ ವಾದದ ವಿಷಯ. ಭಾರತದಲ್ಲಿ ರಾಟೆಯ ನಿಸ್ಸಂದೇಹವಾದ ಉಲ್ಲೇಖವೆಂದು ಅವರು ಎಣಿಸುವುದು ಇಸಾಮಿಯೆಂಬ ಪಾರಸಿ ಕವಿಯು ೧೩೫೦ರಲ್ಲಿ ಮುಗಿಸಿದ ಕಾವ್ಯದಲ್ಲಿಯದು. ಆ ಕವಿಯು ತನ್ನ ಕೃತಿಯನ್ನು ಅರ್ಪಿಸಿದುದು ಕಲಬುರ್ಗಿಯಲ್ಲಿ ರಾಜ್ಯವನ್ನು ಸ್ಥಾಪಿಸಿದ ಬಹಮನೀ ಸುಲ್ತಾನನಿಗೆ. ಕಲಬುರ್ಗಿಯು ಮುದನೂರಿಗೆ ದೂರವಾದ ಸ್ಥಳವೇನೂ ಅಲ್ಲ. ಆದರೆ ವಚನಗಳನ್ನು ಬಲ್ಲವರಿಗೆ ಬೇರೊಂದು ಸಾಕ್ಷಿಯ ನೆನಪು ಬರದಿರದು. ಹನ್ನೆರಡನೆಯ ಶತಮಾನದ ಶರಣೆಯೆನ್ನಿಸಿಕೊಂಡಿರುವ ಕದಿರ ರೆಮ್ಮವ್ವೆಯು ನೂಲುವುದನ್ನೇ ಕಾಯಕವಾಗಿ ಕೈಕೊಂಡವಳು. ಆಕೆಯು ತನ್ನ ವಚನವೊಂದರಲ್ಲಿ ರಾಟೆಯ ಅಡಿಯ ಹಲಗೆ, ತೋರಣ, ನಿಂತ ಬೊಂಬೆ, ಅದರ ಹಿಂದಿನ ಎರಡು ಕರ್ಣಗಳು, ಕದಿರು, ಹೀಗೆ ಅಂಗಾಂಗಗಳನ್ನು ಹೆಸರಿಸಿ ಒಂದೊಂದಕ್ಕೂ ತತ್ತ್ವಾರ್ಥವನ್ನು ಹೊಂದಿಸಿದ್ದಾಳೆ. ಪ್ರತಿದಿನವೂ ಅದರ ಮುಂದೆ ಕುಳಿತವಳಲ್ಲದೆ ಬೇರೆಯವರು ಹಾಗೆ ನುಡಿಯುವುದು ಶಕ್ಯವಲ್ಲ. ಕೈಗದಿರಾಗಲಿ ರಾಟೆಯಾಗಲಿ, ಒಂದು ಮಗ್ಗದ ಹಸಿವನ್ನು ತೀರಿಸಲು ಹಲವು ಸ್ತ್ರೀಯರು ನೂಲಬೇಕಾಗುತ್ತಿದ್ದುದಂತೂ ನಿಶ್ಚಯ.

ಇನ್ನು ದಾಸಿಮಯ್ಯನ ಪಾಲಿನ ಕೆಲಸ. ಬಟ್ಟೆಯೆಂಬುದು ಹಾಸು ಹೊಕ್ಕುಗಳ ಕೂಟ. ಉದ್ದಕ್ಕೆ ಬಿಗಿದು ನಿಲ್ಲುವ ಎಳೆಗಳು ಹಾಸು, ಅಡ್ಡಲಾಗಿ ಹಾಯುವ ಎಳೆಯು ಹೊಕ್ಕು. ಬೆಳಗಿನ ತಂಪಿನಲ್ಲಿ ಬೀದಿಯಲ್ಲಿಯೋ ತೋಪಿನಲ್ಲಿಯೋ ಕೋಲುಗಳನ್ನು ನೆಟ್ಟು, ನೂಲನ್ನು ಹಿಡಿದು ಅತ್ತಿಂದಿತ್ತ ನಡೆಯುತ್ತ ಹಾಸನ್ನು ಹೂಡುವರು. ಹಾಗೆ ನಡೆಯುವಾಗ ಒಂದು ಎಳೆಯು ಕೋಲಿನ ಈ ಮಗ್ಗುಲಿಗೂ ಮುಂದಿನದು ಆ ಮಗ್ಗುಲಿಗೂ ಬಂದು, ನಡುವೆ ಕತ್ತರಿಯಂತೆ ಹಾಯುವ ಹಾಗೆ ನೋಡಿಕೊಳ್ಳಬೇಕು. ಈ ಕತ್ತರಿಯು ಕೆಟ್ಟರೆ ಸಾವಿರಾರು ಎಳೆಗಳ ಕ್ರಮವು ತಪ್ಪಿ ಹಾಸೆಲ್ಲ ಸಿಕ್ಕಾಗುವುದು. ಅದು ನಿಂತಿದ್ದರೆ ಯಾವ ಎಳೆಯು ಹರಿದರೂ ಅದರ ಸ್ಥಳವನ್ನು ಕಣ್ಣುಮುಚ್ಚಿ ಹುಡುಕಬಹುದು. ಆಮೇಲೆ ಉಂಕಿಯನ್ನು ಬಿಗಿಯಾಗಿ ಚಾಚಿ ಗಂಜಿಯನ್ನು ಹಚ್ಚುವ ಕೆಲಸ. ಗಂಜಿಯನ್ನು ಕುಂಚದಿಂದ ಸವರಿ, ಒಣಗುವವರೆಗೆ ಒಂದೇ ದಿಕ್ಕಿಗೆ ತೀಡುತ್ತಿರಬೇಕು. ಇಲ್ಲವಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವುವು. ಗಂಜಿಯುಂಡ ನೂಲಿನ ಜುಂಗು ಕುಳಿತು, ಮಗ್ಗದ ಉಜ್ಜಾಟವನ್ನು ತಾಳುವ ಬಲವು ಅದಕ್ಕೆ ಬರುವುದು. ಇದಕ್ಕೆ ಮನೆಮಂದಿಯೆಲ್ಲ ಕೈಗೂಡಿಸಬೇಕು. ಮಳೆಯ ಹನಿಯೊಂದು ಬಿದ್ದರೂ ದಿನದ ಕೆಲಸವು ಹಾಳು.

ಕುಣಿಮಗ್ಗವು ನೋಡುವುದಕ್ಕೆ ಬಡಪಾಯಿಯಂತೆ ಕಾಣುವುದು. ನೆಲದಲ್ಲಿ ಮೊಳಕಾಲಾಳದ ಕುಣಿ, ನಾಲ್ಕು ಗೂಟ, ಮೇಲಿನ ತೊಲೆಗೆ ಕಟ್ಟಿದ ಹಗ್ಗಗಳು, ನೇಯ್ದ ಬಟ್ಟೆಯನ್ನು ಸುತ್ತುವ ಮರದ ದಿಂಡು. ನೇಕಾರನು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಡುತ್ತಾನೆ. ಎತ್ತರದ ಚೌಕಟ್ಟಿನ ಮರದ ಖರ್ಚು ಇದರಿಂದ ಉಳಿಯುವುದಲ್ಲದೆ, ಹಾಸು ನೆಲಕ್ಕೆ ಸಮೀಪವಿರುವುದರಿಂದ ಮಣ್ಣಿನ ತಂಪು ತಾಗಿ ಹತ್ತಿಯ ಎಳೆಯು ಬೇಗ ಹರಿಯದು. ಬಿಸಿಲುನಾಡಿನಲ್ಲಿ ಇದು ಅಲ್ಪವಾದ ಅನುಕೂಲವಲ್ಲ. ಹಾಸಿನ ಎಳೆಗಳು ನೂಲಿನ ಕುಣಿಕೆಗಳ ಎರಡು ಸಾಲುಗಳಲ್ಲಿ ಪೋಣಿಸಲ್ಪಟ್ಟಿರುತ್ತವೆ: ಒಂದು, ಮೂರು, ಐದನೆಯ ಎಳೆಗಳು ಒಂದು ಸಾಲಿನಲ್ಲಿ; ಎರಡು, ನಾಲ್ಕು, ಆರನೆಯವು ಇನ್ನೊಂದರಲ್ಲಿ. ಎರಡು ಸಾಲುಗಳನ್ನೂ ಮೇಲೆ ಒಂದೇ ಹಗ್ಗದಿಂದ ತೂಗುಹಾಕಿ, ಕೆಳಗೆ ಒಂದೊಂದನ್ನು ಒಂದೊಂದು ಕಾಲಿನ ಹಲಗೆಗೆ ಕಟ್ಟಿದೆ. ಬಲಗಾಲು ತುಳಿದರೆ ಒಂದು ಸಾಲು ಇಳಿದು ಇನ್ನೊಂದು ಏಳುವುದು, ನಡುವೆ ಬಾಯಿ ತೆರೆಯುವುದು. ಆ ಬಾಯಿಯಲ್ಲಿ ಲಾಳಿಯನ್ನು ಎಸೆದು ಆ ಕಡೆಯ ಕೈಯಿಂದ ಹಿಡಿದು, ಹಣಿಗೆಯನ್ನು ಎದೆಯ ಕಡೆಗೆ ಸೆಳೆದು ಬಡಿದರೆ ಹೊಕ್ಕಿನ ಒಂದೆಳೆಯು ತನ್ನ ಸ್ಥಾನದಲ್ಲಿ ಕುಳಿತಿತು. ಎಡಗಾಲು ತುಳಿದರೆ ಮೇಲಿನವು ಕೆಳಗಾಗಿ ಆ ಎಳೆಗೆ ಬೀಗಮುದ್ರೆ ಬಿದ್ದಿತು. ಬಟ್ಟೆಯ ಅಗಲವು ನೇಕಾರನ ತೋಳಿನ ನಿಲುಕಿಗೆ ಒಳಪಟ್ಟುದು. ಹಗ್ಗವನ್ನೆಳೆದು ಲಾಳಿಯನ್ನು ಹಾರಿಸುವ ಯುಕ್ತಿಯನ್ನು ಇಂಗ್ಲೆಂಡಿನಲ್ಲಿ ಜಾನ್ ಕೇ ಎಂಬವನು ಕಂಡುಹಿಡಿದುದು ೧೭೩೩ರಲ್ಲಿ. ಅದಕ್ಕೆ ಮುಂಚೆ ಎಲ್ಲ ದೇಶಗಳ ನೇಕಾರರೂ ಕೈಯಿಂದ ಕೈಗೆ ಎಸೆದವರೇ.

ದಾಸಿಮಯ್ಯನ ವಚನವೊಂದು ಈ ಕೆಲಸವನ್ನೇ ವಸ್ತುವಾಗಿ ಉಳ್ಳುದು. ಉಂಕಿಯನ್ನು ಸರಿಪಡಿಸುವುದರಿಂದ ತೊಡಗಿ ಲಾಳಿಯವರೆಗೆ ನೇಯ್ಗೆಯ ಮಾತುಗಳು ಅಲ್ಲಿ ಬಂದಿವೆ. ಲಾಳಿಯ ಒಳಗಿನ ಮುಳ್ಳನ್ನೂ ಅದಕ್ಕೆ ಸಿಕ್ಕಿಸುವ ಕಂಡಿಕೆಯನ್ನೂ ಶರಣನು ಹೆಸರಿಸಿರುವುದರಿಂದ, ಹೊಕ್ಕಿನ ನೂಲನ್ನು ಸಣ್ಣ ಕಂಡಿಕೆಗೆ ಸುತ್ತಿ ಲಾಳಿಯ ಹೊಟ್ಟೆಯಲ್ಲಿಟ್ಟು ಬಿಚ್ಚಿಕೊಳ್ಳುವ ಪದ್ಧತಿಯು ಎಷ್ಟು ಹಳೆಯದೆಂಬುದು ತಿಳಿದುಬರುತ್ತದೆ. ಕಂಡಿಕೆಯ ನೂಲು ಮುಗಿದು ಬಟ್ಟೆಯು ಸಿದ್ಧವಾದ ಗಳಿಗೆಯಲ್ಲಿ, ಇದನ್ನು ನೇಯ್ದವನು ತಾನೆಂದು ಹೇಳಿಕೊಳ್ಳಲು ನೇಕಾರನಿಗೆ ಬಾಯಿ ಬರಲಿಲ್ಲ. ನೇಯ್ದವರಾರೆಂಬ ಸಂದೇಹವನ್ನು ರಾಮನಾಥನ ಮುಂದೆಯೇ ಇಟ್ಟಿದ್ದಾನೆ. ಕಾಲು, ಕೈ, ಕಣ್ಣು ತಾವಾಗಿಯೇ ನಡೆಯುತ್ತಿದ್ದು ನೇಯುವವನು ತನ್ನನ್ನು ಮರೆಯುವ ಆ ಸ್ಥಿತಿಯನ್ನು ಬಲ್ಲವರಿಗೆ ಇದು ಬರಿಯ ಅಲಂಕಾರವಾಗಿ ತೋರದು.

ಈಗ ಶರಣನ ಹೆಸರನ್ನು ಚಿರಸ್ಥಾಯಿಯಾಗಿಸಿದ ಕಥೆಗೆ ಬರಬಹುದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಭೀಮಕವಿಯು ೧೩೬೯ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ದಾಸಯ್ಯನ ಕಥೆಯು ಬಂದಿದೆ. ದಾಸಿಮಯ್ಯನು ಬಹುಕಾಲ ಶ್ರಮಿಸಿ ದಿವ್ಯವಾದ ವಸ್ತ್ರವೊಂದನ್ನು ನೇಯ್ದು ಮಾರುವುದಕ್ಕೆ ಹೊರಟನು. ಅದರ ಬೆಲೆಯನ್ನು ಕೊಡಬಲ್ಲವರು ಸಂತೆಯಲ್ಲಿ ಸಿಕ್ಕಲಿಲ್ಲ. ಹಿಂದಿರುಗುವ ದಾರಿಯಲ್ಲಿ ಮುದುಕನಾದ ಜಂಗಮನೊಬ್ಬನು ಮೈಗೆ ಬಟ್ಟೆಯಿಲ್ಲವೆಂದು ಬೇಡಿದನು. ದಾಸಿಮಯ್ಯನು ಹಿಂದುಮುಂದು ನೋಡದೆ ಆ ವಸ್ತ್ರವನ್ನು ಒಪ್ಪಿಸಿದನು. ಜಂಗಮನು ಅದನ್ನು ಹೊದೆಯಲಿಲ್ಲ. ಕೊಟ್ಟವನ ಕಣ್ಣೆದುರಿಗೇ ಚರಚರನೆ ಹರಿದು, ಒಂದು ಚೂರನ್ನು ತಲೆಗೂ ಒಂದನ್ನು ಮೊಳಕಾಲಿಗೂ ಒಂದನ್ನು ಕೈಯ ಕೋಲಿಗೂ ಸುತ್ತಿಕೊಂಡನು.

ಈ ಕಥೆಯನ್ನು ಕೇಳುವವರು ಸಾಮಾನ್ಯವಾಗಿ ಮುಂದೆ ಬರುವ ವರದ ಕಡೆಗೆ ಅವಸರಪಡುತ್ತಾರೆ. ಹರಿದುಹೋದುದು ಏನೆಂಬುದನ್ನು ನೇಕಾರನ ಕಣ್ಣಿನಿಂದ ಎಣಿಸಿದವರು ಕಡಮೆ. ಐದು ಗಜ ಉದ್ದ, ಒಂದೂಕಾಲು ಗಜ ಅಗಲದ ಬಟ್ಟೆಯೊಂದಕ್ಕೆ ಅಂಗುಲವೊಂದಕ್ಕೆ ೫೦ ಹಾಸು, ೫೦ ಹೊಕ್ಕು ಎಂದಿಟ್ಟುಕೊಂಡು ಲೆಕ್ಕಮಾಡಿದರೆ, ೪೫ ಅಂಗುಲದ ಅಗಲಕ್ಕೆ ೨,೨೫೦ ಹಾಸಿನ ಎಳೆಗಳಾದುವು. ಐದೈದು ಗಜದಂತೆ ಅವುಗಳ ನೂಲು ೧೧,೨೫೦ ಗಜ. ೧೮೦ ಅಂಗುಲದ ಉದ್ದಕ್ಕೆ ಲಾಳಿಯು ೯,೦೦೦ ಸಲ ಹಾಯಬೇಕು. ಅದರ ನೂಲೂ ೧೧,೨೫೦ ಗಜವೇ. ಒಟ್ಟು ೨೨,೫೦೦ ಗಜ, ಅರ್ಥಾತ್ ಹನ್ನೆರಡು ಮೈಲಿಗೂ ಮಿಕ್ಕು. ಗಂಟೆಗೆ ೩೦೦ ಗಜ ನೂಲುವ ಚತುರೆಯಾದ ಸ್ತ್ರೀಯೂ ರಾಟೆಯ ಮುಂದೆ ೭೫ ಗಂಟೆ ಕುಳಿತಿರಬೇಕು. ಕೈಗದಿರಿನಲ್ಲಾದರೆ ಇನ್ನೂ ಎಷ್ಟೋ ಹೆಚ್ಚು. ಹತ್ತಿಯನ್ನು ಬಿಡಿಸಿದುದು, ಹಿಂಜಿದುದು, ಹೂಡಿದುದು, ಗಂಜಿ ಹಚ್ಚಿದುದು ಈ ಲೆಕ್ಕಕ್ಕೆ ಸೇರಿಲ್ಲ. ಇದು ಸಾಧಾರಣವಾದ ಬಟ್ಟೆಯ ಲೆಕ್ಕ; ದಾಸಿಮಯ್ಯನದು ಸಾಧಾರಣವಾದ ಬಟ್ಟೆಯಾಗಿರಲಿಲ್ಲ. ದುಗ್ಗಳೆಯ ಬೆರಳುಗಳೂ ಶರಣನ ಕಾಲುಗಳೂ ತಿಂಗಳುಗಟ್ಟಲೆ ಸವೆದುದರ ಫಲವು, ಮನೆಯ ಮುಂದಿನ ದಿನಗಳ ಊಟವೂ ಆಗಿದ್ದ ಆ ಫಲವು, ದಾರಿಯಲ್ಲಿ ನಾಲ್ಕು ಚಿಂದಿಯಾಗಿ ಬಿದ್ದಿತು.

ದಾಸಿಮಯ್ಯನು ಸಿಡಿಮಿಡಿಗೊಳ್ಳಲಿಲ್ಲ. ಕೊಟ್ಟ ಮೇಲೆ ಅದು ಜಂಗಮನ ಸೊತ್ತು. ಹೊದೆಯುವುದೂ ಹರಿಯುವುದೂ ಆತನ ಚಿತ್ತ. ಕೊಡುವುದು ಕಷ್ಟವಾದರೂ ಅನೇಕರು ಕೊಡುತ್ತಾರೆ. ಕೊಟ್ಟ ಮೇಲೆ ಆ ವಸ್ತುವಿನ ಮೇಲಣ ಹಕ್ಕನ್ನು ಮನಸ್ಸಿನಲ್ಲಿಯೂ ಬಿಡುವುದು ವಿರಳ. ಅದನ್ನು ಕೈಯಾರೆ ಮಾಡಿದವನಿಗಂತೂ ಇನ್ನೂ ಕಠಿನ. ಜಂಗಮನನ್ನು ಮನೆಗೆ ಕರೆದುಕೊಂಡು ಹೋಗಿ ಪಾದಗಳನ್ನು ತೊಳೆದು ಸತ್ಕರಿಸಿದಾಗ ದುಗ್ಗಳೆಯೂ ಬೇಸರಪಡಲಿಲ್ಲ. ನೂಲಿನಲ್ಲಿ ಅರ್ಧದ ಪಾಲಿನವಳಾದ ಆಕೆಯ ಸಮ್ಮತಿಯು ಈ ದಾನದಲ್ಲಿ ಗಂಡನದಕ್ಕಿಂತ ಕಿರಿದಾದುದಲ್ಲ. ಆಗ ಜಂಗಮನು ತನ್ನ ನಿಜರೂಪವನ್ನು ತೋರಿ, ಎಷ್ಟು ತೆಗೆದರೂ ಬರಿದಾಗದ ಧಾನ್ಯದ ತವನಿಧಿಯನ್ನು ದಯಪಾಲಿಸಿದನು.

ಕಥೆಯು ಇಲ್ಲಿಗೆ ಮುಗಿದಿದ್ದರೆ ಭಕ್ತನಿಗೆ ವರ ದೊರೆತ ನೂರು ಕಥೆಗಳಲ್ಲಿ ಒಂದಾಗುತ್ತಿತ್ತು. ಪುರಾಣವು ಮುಂದಕ್ಕೂ ಹೋಗುತ್ತದೆ. ತವನಿಧಿಯು ದೊರೆತ ಮೇಲೆ, ಅದುವರೆಗೆ ಬಳಿಗೆ ಸುಳಿಯದಿದ್ದ ಹಮ್ಮು ದಾಸಿಮಯ್ಯನ ಮನಸ್ಸಿನಲ್ಲಿ ಮೊಳಕೆಯೊಡೆಯಿತು. ಶಂಕರ ದಾಸಿಮಯ್ಯನೆಂಬ ಇನ್ನೊಬ್ಬ ಶರಣನ ಬಡತನವನ್ನು ಕೇಳಿ, ತನ್ನ ಧಾನ್ಯದಲ್ಲಿ ಒಂದಿಷ್ಟನ್ನು ಅವನಿಗೆ ಕೊಡಲು ಹೋದನು. ಕಾಯಕದಿಂದ ಬಂದುದರಲ್ಲಿಯೇ ತೃಪ್ತನಾದ ಆ ಶರಣನಿಗೆ ಅದು ಬೇಕಾಗಿರಲಿಲ್ಲ. ದಾಸಿಮಯ್ಯನು ಮನೆಗೆ ಮರಳಿ ನೋಡುವಷ್ಟರಲ್ಲಿ ತವನಿಧಿಯು ಬರಿದಾಗಿದ್ದಿತು. ತನ್ನ ತಪ್ಪನ್ನು ಅರಿತು, ಶಂಕರ ದಾಸಿಮಯ್ಯನಿಗೆ ಶರಣಾದ ಬಳಿಕವೇ ನಿಧಿಯು ಮತ್ತೆ ತುಂಬಿತೆಂದು ಹೇಳುವರು. ಹನ್ನೆರಡು ಮೈಲಿಯ ನೂಲು ಹರಿದಾಗ ಅಲುಗದಿದ್ದ ಮನಸ್ಸು ದುಡಿಯದೆ ಬಂದ ಧಾನ್ಯದ ಮುಂದೆ ಅಲುಗಿತು. ತಮ್ಮ ಹಿರಿಯ ಶರಣನ ಈ ಜಾರುವಿಕೆಯನ್ನು ಮರೆಮಾಚದೆ ಹೇಳಿದ ಪುರಾಣಕಾರರ ಪ್ರಾಮಾಣಿಕತೆಯು ಮೆಚ್ಚತಕ್ಕದ್ದು.

ಸುಗ್ಗಲದೇವಿಯ ಪ್ರಸಂಗವು ಪ್ರಸಿದ್ಧವಾದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಲಕೆರೆಗೆ ಶರಣನು ಹೋದನೆಂದೂ, ಆಸ್ಥಾನದಲ್ಲಿ ಜೈನ ಪಂಡಿತರೊಡನೆ ವಾದವು ನಡೆಯಿತೆಂದೂ, ಅವನನ್ನು ಕೆಡಿಸಲು ಕೊಡದಲ್ಲಿ ಮುಚ್ಚಿಟ್ಟಿದ್ದ ಸರ್ಪವು ಸ್ಫಟಿಕಲಿಂಗವಾಯಿತೆಂದೂ, ರಾಣಿಯು ಶಿವದೀಕ್ಷೆಯನ್ನು ಪಡೆದಳೆಂದೂ ಕಥೆ. ಸುಗ್ಗಲದೇವಿಯ ಹೆಸರು ಶಾಸನಗಳಲ್ಲಿಯೂ ದೊರೆಯುತ್ತದೆ. ಮತಮತಗಳ ಸ್ಪರ್ಧೆಯ ಕಾಲದಲ್ಲಿ ಹುಟ್ಟಿದ ಇಂಥ ಕಥೆಗಳಲ್ಲಿ ಗೆಲವಿನ ಉತ್ಸಾಹವು ಹೆಚ್ಚು. ರಾಣಿಗೆ ಗುರುವಾದ ಮೇಲೆಯೂ ದಾಸಿಮಯ್ಯನಿಗೆ ರಾಜಗುರುವೆಂಬ ಬಿರುದು ಅಂಟಲಿಲ್ಲ, ಜೇಡರವನೆಂಬ ಹೆಸರೇ ಉಳಿಯಿತು. 

ದಾಸಿಮಯ್ಯನವೆಂದು ಈಗ ದೊರೆತಿರುವ ವಚನಗಳು ಸುಮಾರು ೧೫೦ಕ್ಕೆ ಮೇಲ್ಪಟ್ಟಿವೆ. ಇವುಗಳಲ್ಲಿ ಬಹುತೇಕವು ನಾಲ್ಕೈದು ಸಾಲುಗಳನ್ನು ಮೀರುವುದಿಲ್ಲ. ಬಸವಣ್ಣನವರ ವಚನಗಳ ಪ್ರವಾಹವಾಗಲಿ ಅಲ್ಲಮಪ್ರಭುವಿನ ಗೂಢತೆಯಾಗಲಿ ಇಲ್ಲಿಲ್ಲ. ಬಿಗಿಯಾದ ಹುರಿಯುಳ್ಳ ಸಣ್ಣ ನೂಲಿನಂಥ ಮಾತುಗಳಿವು. ನೆಲ, ಬೆಳೆ, ಗಾಳಿಗಳೆಲ್ಲ ದೇವರ ದಾನವಾಗಿರುವಾಗ ಅನ್ಯರನ್ನು ಹೊಗಳುವವರನ್ನು ಶರಣನು ಕಟುವಾಗಿ ಖಂಡಿಸುತ್ತಾನೆ. ಹೆಣ್ಣು ಗಂಡೆಂಬ ಭೇದವು ದೇಹದ ಕುರುಹುಗಳಲ್ಲಿ ಮಾತ್ರ ಇರುವುದೆಂದೂ ಒಳಗಿನ ಆತ್ಮಕ್ಕೆ ಅದಿಲ್ಲವೆಂದೂ ಸಾರಿದುದು, ಹನ್ನೊಂದನೆಯ ಶತಮಾನದ ನೇಕಾರನ ಬಾಯಿಂದ ಬಂದ ಮಾತೆಂಬುದನ್ನು ನೆನೆದರೆ ಆಶ್ಚರ್ಯವಾಗುವುದು. ಸತಿಪತಿಗಳು ಒಂದಾದ ಭಕ್ತಿಯೇ ಶಿವನಿಗೆ ಪ್ರಿಯವೆಂಬುದು ದಾಸಿಮಯ್ಯನಿಗೆ ಗ್ರಂಥದಿಂದ ತಿಳಿದುದಲ್ಲ. ಆತನ ಮಗ್ಗವು ನಡೆದುದೇ ದುಗ್ಗಳೆಯ ನೂಲಿನಿಂದ.

ಬಸವಣ್ಣನವರಿಗೆ ದಾಸಯ್ಯನ ಮೇಲಿದ್ದ ಗೌರವವು ಅಪಾರವಾದುದು. ದಾಸಯ್ಯನು ವಸ್ತ್ರವನ್ನಿತ್ತು ತವನಿಧಿಯನ್ನು ಪಡೆದ ಪ್ರಸಂಗವನ್ನು ಅವರು ತಮ್ಮ ವಚನಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ನೆನೆದಿದ್ದಾರೆ. ಹೀಗೆ ಮುದನೂರಿನ ಮಗ್ಗದ ಬಟ್ಟೆಯೊಂದು ನೂರು ವರುಷಗಳ ಬಳಿಕ ಕಲ್ಯಾಣದ ಮಹಾಮನೆಯಲ್ಲಿ ಮಾತಿನ ವಸ್ತುವಾಗಿದ್ದಿತು. ಆಮೇಲೆ ವಚನಗಳು ಓಲೆಯ ಕಟ್ಟುಗಳಲ್ಲಿ ಮಠಗಳ ಮತ್ತು ಭಕ್ತರ ಮನೆಗಳ ಜಗಲಿಗಳ ಮೇಲೆ ಪೂಜೆಗೊಳ್ಳುತ್ತ ಉಳಿದುವು. ಡಾಕ್ಟರ್ ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಮೇಲೆ ಶರಣರ ಮಾತುಗಳು ಓದುಬಲ್ಲ ಸಾಮಾನ್ಯರ ಕೈಗೆ ಬಂದುವು.

ದೇವಾಂಗ ಸಮಾಜದವರು ದಾಸಿಮಯ್ಯನನ್ನು ತಮ್ಮ ಮೂಲಪುರುಷನಾದ ದೇವಲ ಮಹರ್ಷಿಯ ಅವತಾರವೆಂದು ಪೂಜಿಸುತ್ತಾರೆ. ಚೈತ್ರ ಶುದ್ಧ ಪಂಚಮಿಯ ದಿನ ನಾಡಿನ ನೇಕಾರರು ಶರಣನ ಜಯಂತಿಯನ್ನು ನಡೆಯಿಸುತ್ತಾರೆ. ಕೈಮಗ್ಗಗಳು ಉಳಿದಿರುವ ಊರುಗಳಲ್ಲಿ ಹಾಸೊಂದು ಮುಗಿಯುತ್ತ ಬಂದಾಗ ನೇಕಾರರು ಅದನ್ನು ಪೂರ್ತಿಯಾಗಿ ತೆಗೆದುಹಾಕುವುದಿಲ್ಲ. ಕುಣಿಕೆಗಳಲ್ಲಿಯೂ ಹಣಿಗೆಯಲ್ಲಿಯೂ ಪೋಣಿಸಿದ್ದ ತುದಿಗಳನ್ನು ಗೇಣುದ್ದ ಹಾಗೆಯೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೂದಿ ಮುಟ್ಟಿದ ಬೆರಳುಗಳಿಂದ ಹೊಸೆದು ಕೂಡಿಸುತ್ತಾರೆ. ಎರಡು ಸಾವಿರಕ್ಕೂ ಮಿಕ್ಕ ಎಳೆಗಳನ್ನು ಹೀಗೆ ಕೂಡಿಸುವುದಕ್ಕೆ ಗಂಟೆಗಟ್ಟಲೆ ಹಿಡಿಯುವುದು. ಅಷ್ಟು ಹೊತ್ತೂ ಮಗ್ಗವು ನಿಂತಿರುತ್ತದೆ; ಕೊನೆಯ ಎಳೆಯು ಕೂಡಿದ ಬಳಿಕ ಹೊಸ ಹಾಸು ಹಳೆಯದರ ಬೆನ್ನು ಹಿಡಿದು ಹಣಿಗೆಯನ್ನು ದಾಟಿ ಬರುವುದು, ಲಾಳಿಯು ಮತ್ತೆ ಹಾಯತೊಡಗುವುದು.